ತಟ್ಟೆಯ ಬೆನ್ನಿನ ಹೆಸರು

ತಿಂಡಿ ತುಂಬಿಸಿ ಕೊಟ್ಟ ತಟ್ಟೆ ಹಿಂದಿರುಗಿ ಬರಬೇಕು, ಬರಿದಾಗಿ ಬರಬಾರದು. ಒಳಗೆ ಏನೂ ಇಡಲು ಇಲ್ಲದವರು ಒಂದು ಹಿಡಿ ಸಕ್ಕರೆಯಾದರೂ ಇಡಬೇಕು. ನಮ್ಮ ಕರಾವಳಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಷ್ಟು ಸಣ್ಣ ನಿಯಮವನ್ನು ಪಾಲಿಸದವರು ದೊಡ್ಡದನ್ನು ಹೇಗೆ ಪಾಲಿಸುತ್ತಾರೆ ಎಂದು ನಾನು ಮನೆಯಲ್ಲಿ ಬಹಳ ಸಲ ಕೇಳಿದ್ದೇನೆ. ಮಗಳು ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಾನು ಬೆಳೆದದ್ದು ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ. ಅಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು, ಮತ್ತು ತಟ್ಟೆ ಲೋಟಗಳ ತಳದಲ್ಲಿ ನಮ್ಮ ನಮ್ಮ ಗುರುತು ಇರಬೇಕು. ಗುರುತಿಲ್ಲದ ಲೋಟ ಯಾರದ್ದೂ ಅಲ್ಲ. ಅದು ಅಡುಗೆಮನೆಗೆ ಸೇರಿತೆಂದರೆ ಮುಗಿಯಿತು. ನರ್ಸಿಂಗ್ ಹಾಸ್ಟೆಲಿನಲ್ಲಿಯೂ ಹಾಗೆಯೇ. ಆಮೇಲೆ ಕುವೈತಿಗೆ ಬಂದು ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾಗುವವರೆಗೂ ನನ್ನ ಕೈಯಲ್ಲಿ ಗುರುತಿಲ್ಲದ ಕತ್ತರಿ, ಗುರುತಿಲ್ಲದ ಥರ್ಮಾಮೀಟರ್ ಇದ್ದದ್ದಿಲ್ಲ. ಈಗ ಬ್ನೇದ್ ಅಲ್ ಗಾರ್‌ನಲ್ಲಿ ಮಗಳ ಜೊತೆ ಇದ್ದೇನೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಮನೆಯ ಪ್ರತಿಯೊಂದು ತಟ್ಟೆಯ ಬೆನ್ನಿನಲ್ಲಿ ಕೆಂಪು ನೇಲ್ ಪಾಲಿಶಿನಿಂದ ಬರೆದ ನನ್ನ ಹೆಸರಿನ ಎರಡು ಅಕ್ಷರಗಳಿವೆ, ಕೆಳಗೆ ಫ್ಲ್ಯಾಟ್ ನಂಬರ್ ಇದೆ. ನೇಲ್ ಪಾಲಿಶ್ ನಾನು ಬೆರಳಿಗೆ ಎಂದೂ ಹಚ್ಚಿದವಳಲ್ಲ. ಅದು ನಮ್ಮ ಮನೆಗೆ ಬರುವುದು ಪಾತ್ರೆಗಳಿಗಾಗಿ.

ಐದನೆಯ ಮಹಡಿಗೆ ಡೆನ್ಮಾರ್ಕಿನ ಒಂದು ದಂಪತಿ ಬಂದದ್ದು ಎರಡು ಚಳಿಗಾಲದ ಹಿಂದೆ. ಗಂಡ ಶುಐಬಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಬೆಳಕು ಹರಿಯುವ ಮೊದಲೇ ಹೊರಟುಬಿಡುವ ಮನುಷ್ಯ. ಹೆಂಡತಿ ನನ್ನ ಪ್ರಾಯದವರು. ಎತ್ತರದ ಹೆಂಗಸು, ಬಿಳಿಯ ಕೂದಲನ್ನು ಜಡೆ ಹಾಕಿಕೊಳ್ಳುತ್ತಿದ್ದರು. ಬೆಳಗ್ಗೆ ನಾನು ಸಮುದ್ರದ ಬದಿ ನಡೆಯಲು ಹೊರಟು ಲಿಫ್ಟಿನ ಗುಂಡಿ ಒತ್ತಿದರೆ ಬಾಗಿಲು ತೆರೆಯುವಾಗ ಅವರು ಒಳಗೆ ಇರುತ್ತಿದ್ದರು. ಪ್ರತಿದಿನ. ಅದೊಂದೇ ಕಾರಣಕ್ಕೆ ನನಗೆ ಅವರು ಇಷ್ಟವಾದರು. ನಮ್ಮವರ ಜೊತೆ ವಾಕಿಂಗಿಗೆ ಹೋಗಿ ನೋಡಿ ಸಾಕಾಗಿತ್ತು. ಒಬ್ಬರಿಗೆ ಮಂಡಿ, ಒಬ್ಬರಿಗೆ ಫೋನು, ಮತ್ತೊಬ್ಬರಿಗೆ ಊರಿನ ಮದುವೆಯ ಸುದ್ದಿ. ಈಕೆ ನನ್ನ ಹಾಗೆ ಬೀಸುಗಾಲು ಹಾಕುತ್ತಿದ್ದರು, ಬಾಯಿ ಮುಚ್ಚಿಕೊಂಡು. ಇಡೀ ಕಟ್ಟಡದವರು ಕರೆಯುವ ಹಾಗೆ ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಡೆನ್ಮಾರ್ಕಿನಲ್ಲಿ ತಾನು ಪಿಂಗಾಣಿಯ ಕೆಲಸ ಮಾಡುತ್ತಿದ್ದೆ ಎಂದು ಒಮ್ಮೆ ಹೇಳಿದ್ದರು. ಅಂಗಡಿಯಲ್ಲಿ ಪಾತ್ರೆ ಮಾರುತ್ತಿದ್ದರೇನೋ ಎಂದುಕೊಂಡು ನಾನು ಮುಂದೆ ಕೇಳಲಿಲ್ಲ.

ಆ ವರ್ಷದ ಕೊನೆಗೆ, ಡಿಸೆಂಬರಿನಲ್ಲಿ, ಕುಸ್ವಾರ್ ಮಾಡಿದೆ. ಕ್ರಿಸ್ಮಸ್ಸಿಗೆಂದು ನಾವು ಮಾಡಿ ನೆರೆಹೊರೆಗೆ ಹಂಚುವ ನೆವ್ರಿ, ಕಿಡ್ಯೊ, ಗುಳಿಯೊ, ಕೊಕ್ಕಿಸಾಂ ತಿಂಡಿಗಳೆಲ್ಲ ಸೇರಿದರೆ ಕುಸ್ವಾರ್. ಕಟ್ಟಡದ ಉಳಿದವರಿಗೆ ಸ್ಟೀಲಿನ ತಟ್ಟೆಯಲ್ಲಿ ಕಳಿಸಿದೆ. ಆಕೆ ಪಿಂಗಾಣಿಯ ಕೆಲಸ ಮಾಡಿದವರಲ್ಲವೇ ಎಂದು ನನ್ನ ಒಳ್ಳೆಯ ತಟ್ಟೆಗಳಲ್ಲಿ ಒಂದನ್ನು ತೆಗೆದೆ. ಬಿಳಿಯ ಪಿಂಗಾಣಿ, ಅಂಚಿಗೆ ನೀಲಿ ಬಳ್ಳಿ. ಇಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಸೂಕ್ ಪೇಟೆಯಲ್ಲಿ ಕೊಂಡ ಆರರ ಸೆಟ್. ಮನೆ ಬದಲಾಯಿಸಿದಾಗಲೆಲ್ಲ ಸೀರೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿಟ್ಟುಕೊಂಡು ತಂದವು. ಒಂದರ ಅಂಚೂ ಮುಕ್ಕಾಗಿಲ್ಲ.

ಕೆಲವು ದಿನ ಕಳೆದು ನಾನು ಚರ್ಚಿನಿಂದ ಬರುವಾಗ ಮೇಜಿನ ಮೇಲೆ ಬೇರೆಯೇ ಒಂದು ತಟ್ಟೆ ಇತ್ತು. ಅದರಲ್ಲಿ ಕಂದು ಬಣ್ಣದ, ಕಾಗದದಷ್ಟು ತೆಳುವಾದ ಬಿಸ್ಕತ್ತು. ಮೇಲಿನ ಆಂಟಿ ತಂದುಕೊಟ್ಟರು ಎಂದಳು ಮಗಳು. ನಮ್ಮ ತಟ್ಟೆ ಎಲ್ಲಿ ಎಂದು ಕೇಳಿದೆ. ಅವರು ಕೊಡಲಿಲ್ಲ, ಇವಳು ಕೇಳಲಿಲ್ಲ. ಬಿಸ್ಕತ್ತು ಖಾಲಿಯಾದ ಮೇಲೆ ನೋಡಿದರೆ ತಟ್ಟೆಯಲ್ಲಿ ಒಂದು ಚಿತ್ರ. ಹಿಮ ಬಿದ್ದ ದೋಣಿಕಟ್ಟೆ, ದೂರದಲ್ಲಿ ಒಂದು ದೀಪ, ಮುಂದಿನ ಗೂಟದ ಮೇಲೆ ತಲೆ ತಗ್ಗಿಸಿ ಕುಳಿತ ಕಾಗೆ. ಎಲ್ಲವೂ ಒಂದೇ ನೀಲಿಯಲ್ಲಿ, ಹಗುರ ನೀಲಿಯಿಂದ ಕಪ್ಪಿಗೆ ಸಮೀಪದ ನೀಲಿಯವರೆಗೆ. ಕ್ರಿಸ್ಮಸ್ ದಿನ ಮನೆಗೆ ಕಾಗೆ ಕಳಿಸುವವರು ಯಾರಾದರೂ ಇದ್ದಾರೆಯೇ? ಆದರೂ ನಿಯಮ ನಿಯಮವೇ. ತಟ್ಟೆಯನ್ನು ತೊಳೆದು ಒರೆಸಿ, ಪೇರಳೆ ಹಣ್ಣಿನ ಹಲ್ವ ಕತ್ತರಿಸಿ ಜೋಡಿಸಿ, ನಾನೇ ಮೇಲೆ ಹೋಗಿ ಕೊಟ್ಟೆ. ನನ್ನದನ್ನು ಅಲ್ಲೇ ಕೈಗೆ ಕೊಟ್ಟಾರು ಎಂದುಕೊಂಡಿದ್ದೆ. ಆಕೆ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡರು.

ಮರುದಿನ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರೂ ಇರಲಿಲ್ಲ.

ಜ್ವರವಿರಬಹುದು ಎಂದುಕೊಂಡೆ. ಮೂರನೆಯ ದಿನ ಸಮುದ್ರದ ಬದಿಯಲ್ಲಿ ಕಂಡರು. ನಾನು ಹೋಗುವ ದಿಕ್ಕಿಗೆ ಎದುರಾಗಿ ನಡೆದು ಬರುತ್ತಿದ್ದರು. ತಲೆಯಾಡಿಸಿ ಮುಂದೆ ಹೋದರು. ಹೀಗೆ ವಾರಗಳು ಕಳೆದವು. ನನ್ನ ತಟ್ಟೆ ನುಂಗಿದವರು ನನ್ನ ಮೇಲೆಯೇ ಮುನಿಸಿಕೊಳ್ಳುವುದೆಂದರೆ! ಕಪಾಟು ತೆರೆದಾಗಲೆಲ್ಲ ಐದು ತಟ್ಟೆ ಕಾಣುತ್ತಿತ್ತು. ಐದು ಸೆಟ್ಟಲ್ಲ, ಉಳಿದದ್ದು. ಅದಕ್ಕಿಂತ ಹೆಚ್ಚಾಗಿ, ನಡೆಯುವಾಗ ಬಲಬದಿಯಲ್ಲಿ ಒಬ್ಬರು ಇರುವ ಅಭ್ಯಾಸವಾಗಿತ್ತು. ಈಗ ನಾನೊಬ್ಬಳೇ ಬೀಸುಗಾಲು ಹಾಕುತ್ತಿದ್ದರೆ ಯಾರೋ ಓಡಿಸಿಕೊಂಡು ಬಂದಂತೆ ಕಾಣುತ್ತಿದ್ದಿರಬೇಕು.

ಮಗಳಿಗೆ ಇದೊಂದು ತಮಾಷೆ.

“ಒಂದು ಪ್ಲೇಟಿಗೆ ಎಂತ ಇಷ್ಟು ಟೆನ್ಶನ್ ಮಮ್ಮಿ? ಹೈಪರ್‌ಮಾರ್ಕೆಟಿಗೆ ಹೋಗುವ, ಡಜನ್ ತರುವ. ಖಲಾಸ್.”

“ಅದು ನನ್ನ ಪ್ಲೇಟ್. ಹಿಂದೆ ಹೆಸರುಂಟು.”

“ಹಾಗಾದ್ರೆ ಪೊಲೀಸಿಗೆ ಹೇಳು.”

ಫೆಬ್ರವರಿಯಲ್ಲಿ ಒಂದು ದಿನ ಕೆಳಗೆ ನಮ್ಮ ಕಟ್ಟಡದ ಹಾರಿಸ್ ನನ್ನನ್ನು ತಡೆದ. ಈಜಿಪ್ಟಿನವನು. ಬಾಗಿಲು ಕಾಯುವುದು, ನೀರಿನ ಪಂಪು ನೋಡುವುದು, ಎಲ್ಲರ ಮನೆಯ ಸುದ್ದಿ ಎಲ್ಲರಿಗೂ ಮುಟ್ಟಿಸುವುದು ಅವನ ಕೆಲಸ.

“ಸಿಸ್ಟರ್, ನೀನು ಪೇಂಟರ್ ಅಂತೆ,” ಎಂದ, ತನ್ನ ಅರಬ್ಬಿ ಬೆರೆತ ಹಿಂದಿಯಲ್ಲಿ. “ನನ್ನ ರೂಮಿನ ಗೋಡೆಗೂ ಬಣ್ಣ ಹೊಡೆದುಕೊಡು. ಯಲ್ಲಾ, ಚಹಾ ನನ್ನದು.”

ಯಾರು ಹೇಳಿದ್ದು ಎಂದು ಕೇಳಿದೆ. ಐದನೆಯ ಮಹಡಿಯ ಮದಾಮ್ ತನ್ನ ಮನೆಗೆ ಬಂದವರಿಗೆಲ್ಲ ಹೇಳುತ್ತಾರಂತೆ: ಮೂರನೆಯ ಮಹಡಿಯ ನಿವೃತ್ತ ನರ್ಸ್ ಪಿಂಗಾಣಿಗೆ ಚಿತ್ರ ಬರೆಯುವ ಕಲಾವಿದೆ. ಹಿಂದಿನ ದಿನ ಮೇಲೆ ಬಂದಿದ್ದ ಅತಿಥಿಯೊಬ್ಬರು ಹೋಗುವಾಗ ನನ್ನ ಬಾಗಿಲು ಯಾವುದೆಂದು ಇವನನ್ನು ಕೇಳಿದ್ದರಂತೆ, ಏನಾದರೂ ಕೊಳ್ಳಲು ಸಿಗುತ್ತದೆಯೋ ಎಂದು.

ನನಗೆ ಮೈ ಉರಿದುಹೋಯಿತು. ಶಾಲೆಯಲ್ಲಿ ಡ್ರಾಯಿಂಗಿನಲ್ಲಿ ನಾನು ಬರೆದ ಬದನೆಕಾಯಿಯನ್ನು ಮದರ್ ಆನೆಯೆಂದು ಓದಿದ್ದರು. ತಟ್ಟೆ ಕದ್ದದ್ದು ಸಾಲದೆಂದು ಲೇವಡಿ ಬೇರೆಯೇ? ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದ ಆಕೆಯ ಹಿಂದೆ ಗೋಡೆ ಕಾಣಿಸಿತು. ಆ ಗೋಡೆಯ ತುಂಬ ನೀಲಿ ತಟ್ಟೆಗಳು. ಒಂದರಲ್ಲಿ ಹಿಮದ ನಡುವೆ ಚರ್ಚು, ಒಂದರಲ್ಲಿ ಹಡಗು, ಒಂದರಲ್ಲಿ ಬಾತುಕೋಳಿಗಳು. ಕೆಳಗೆ ಗಾಜಿನ ಕಪಾಟಿನಲ್ಲಿ ಬೂದುನೀಲಿ ಬಣ್ಣದ ಪಿಂಗಾಣಿಯ ಕರಡಿಮರಿ, ಸೀಲು, ಗುಬ್ಬಿ. ಗೋಡೆಯ ನಟ್ಟನಡುವೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ, ಸ್ಪ್ರಿಂಗಿನ ಕೊಕ್ಕೆಯಲ್ಲಿ ಸಿಕ್ಕಿಸಿ ತೂಗುಹಾಕಿದ್ದು ನನ್ನ ತಟ್ಟೆ.

“ಅದು ಊಟದ ತಟ್ಟೆ,” ಎಂದೆ. ಇಂಗ್ಲಿಷಿನಲ್ಲಿ ಸಿಟ್ಟು ಬಂದರೆ ನನ್ನ ವಾಕ್ಯಗಳು ಗಿಡ್ಡವಾಗುತ್ತವೆ. “ನನ್ನದು. ವಾಪಸ್ ಬೇಕು.”

ಆಕೆ ಕೂಡಲೇ ಕೊಕ್ಕೆ ಬಿಡಿಸಲು ಹೋದರು.

“ತೆಗೆದುಕೊಂಡು ಹೋಗಿ. ನನ್ನದನ್ನು ಹಿಂದಿರುಗಿಸಿದಿರಿ, ನಿಮ್ಮದನ್ನೂ ಒಯ್ಯಿರಿ. ಇಷ್ಟವಾಗದಿದ್ದರೆ ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ನನ್ನ ಮುಖಕ್ಕೆ ತಂದು ಹಿಡಿಯಬೇಕಾಗಿರಲಿಲ್ಲ.”

ಏನು ಇಷ್ಟವಾಗದಿದ್ದದ್ದು ಎಂದು ಕೇಳಿದೆ. ಕಾಗೆಯ ತಟ್ಟೆ ಎಂದರು. ಹಲ್ವ ಹಾಕಿಕೊಟ್ಟೆನಲ್ಲ ಎಂದೆ. ಅದೇ ಅವಮಾನ ಎಂದರು. ನಾವಿಬ್ಬರೂ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಇಂಥದೇ ಮಾತಾಡಿದೆವು. ಕೊನೆಗೆ ಆಕೆಯೇ ಕುರ್ಚಿ ಎಳೆದರು.

ಅವರ ಕಡೆಯ ಪದ್ಧತಿ ಹೀಗಂತೆ. ಹಿಂದೆ ದೊಡ್ಡ ಮನೆಯವರು ಕ್ರಿಸ್ಮಸ್ಸಿಗೆ ಕೆಲಸದವರಿಗೆ ತಿಂಡಿ ಹಣ್ಣು ತುಂಬಿದ ತಟ್ಟೆ ಕೊಡುತ್ತಿದ್ದರು. ತಿಂಡಿ ಅಂದೇ ಮುಗಿಯುತ್ತಿತ್ತು. ತಟ್ಟೆ ಮಾತ್ರ ತಮ್ಮ ಮನೆಯ ತಟ್ಟೆಗಳಿಗಿಂತ ಚೆಂದವಿರುತ್ತಿದ್ದುದರಿಂದ ಅದನ್ನು ಗೋಡೆಗೆ ತೂಗುಹಾಕುತ್ತಿದ್ದರು. ಹಾಗೆಯೇ ವರ್ಷಕ್ಕೊಂದು ಕ್ರಿಸ್ಮಸ್ ತಟ್ಟೆ ಮಾಡುವ ಪದ್ಧತಿ ಬಂತೆಂದು ಹೇಳುತ್ತಾರಂತೆ. ಕಾರ್ಖಾನೆಗಳು ಪ್ರತಿವರ್ಷ ಒಬ್ಬ ಕಲಾವಿದರಿಂದ ಒಂದು ಚಿತ್ರ ಬರೆಸುತ್ತವೆ, ಅದರ ಅಚ್ಚಿನಿಂದ ಆ ವರ್ಷ ಮಾತ್ರ ತಟ್ಟೆ ತೆಗೆಯುತ್ತವೆ, ವರ್ಷ ಮುಗಿದ ಮೇಲೆ ಅಚ್ಚನ್ನು ಒಡೆಯುತ್ತವೆ. ತಟ್ಟೆಯ ಬೆನ್ನಿನ ಉಬ್ಬು ಬಳೆಯಲ್ಲಿ ದಾರ ಪೋಣಿಸಲು ಎರಡು ತೂತು ಬಿಟ್ಟಿರುತ್ತಾರೆ. ತಿಂಡಿ ತುಂಬಿದ ತಟ್ಟೆ ಬಂದರೆ ಅವರಿಗೆ ತಟ್ಟೆಯೇ ಉಡುಗೊರೆ. ನಮಗೆ ತಿಂಡಿ. ತೊಳೆದು, ತುಂಬಿಸಿ ಹಿಂದಿರುಗಿಸಿದರೆ ನನ್ನ ಊರಿನಲ್ಲಿ ಮರ್ಯಾದೆ. ಅವರ ಊರಿನಲ್ಲಿ, ನಿನ್ನ ಉಡುಗೊರೆ ನನಗೆ ಬೇಡ ಎಂದು ಮುಖದ ಮೇಲೆ ಎಸೆದ ಹಾಗೆ.

“ಇದನ್ನು ಆ ದಿನವೇ ಹೇಳಬಾರದಿತ್ತೇ?” ಎಂದು ಕೇಳಿದೆ. “ಎರಡು ತಿಂಗಳು ಎದುರು ದಿಕ್ಕಿನಲ್ಲಿ ನಡೆದಿರಿ. ನಾನೇನು ಜ್ಯೋತಿಷ್ಯ ಕಲಿತವಳೇ?”

“ನೀವು ಕೇಳಬಾರದಿತ್ತೇ?”

“ಕದ್ದವರ ಮನೆಗೆ ಹೋಗಿ ಕೇಳುವ ರೂಢಿ ನನಗಿಲ್ಲ.”

ಕದ್ದದ್ದು ಎಂಬ ಮಾತಿಗೆ ಆಕೆ ನಕ್ಕರು. ನಗುವ ಮಾತೇನೂ ಆಗಿರಲಿಲ್ಲ. ಆಮೇಲೆ ನನ್ನ ತಟ್ಟೆಯನ್ನು ಗೋಡೆಯಿಂದ ಇಳಿಸಿ, ಬೋರಲು ಹಾಕಿ, ಕೆಂಪು ಅಕ್ಷರಗಳನ್ನು ಬೆರಳಿನಿಂದ ತೋರಿಸಿದರು.

“ನಾನು ಯಾರ ಮನೆಗೆ ಹೋದರೂ ಮೊದಲು ತಟ್ಟೆಯ ಬೆನ್ನು ನೋಡುತ್ತೇನೆ. ನಮ್ಮಲ್ಲಿ ಬರೆದವರ ಗುರುತು ಅಲ್ಲಿರುತ್ತದೆ. ಇಲ್ಲಿ ನಿಮ್ಮ ಅಕ್ಷರ ಇತ್ತು, ಕೈಯಿಂದಲೇ ಬರೆದದ್ದು. ಎಷ್ಟನೆಯ ತಟ್ಟೆ ಎಂಬ ನಂಬರೂ ಇತ್ತು. ಅಂಚಿನ ಬಳ್ಳಿಯೂ ಕುಂಚದಿಂದಲೇ ಬರೆದದ್ದು. ಇಷ್ಟು ತಿಂಗಳು ಪಕ್ಕದಲ್ಲಿ ನಡೆದೂ ತಾನು ಚಿತ್ರಗಾರ್ತಿ ಎಂದು ಒಂದು ಮಾತು ಹೇಳಿಲ್ಲವಲ್ಲ ಈ ಹೆಂಗಸು, ಎಂಥ ವಿನಯ ಎಂದುಕೊಂಡೆ. ಅದಕ್ಕೇ ನನ್ನದನ್ನು ಕೊಟ್ಟದ್ದು.”

ನನ್ನದು ಎಂದರೆ ಆಕೆಯೇ ಚಿತ್ರ ಬರೆದದ್ದು. ಈಗ ಮುಚ್ಚಿಹೋದ ಒಂದು ಸಣ್ಣ ಕಾರ್ಖಾನೆಗಾಗಿ ವರ್ಷಗಳ ಹಿಂದೆ ಬರೆದಿದ್ದರಂತೆ. ಅಚ್ಚು ಒಡೆದಿದ್ದರು. ಕೈಗೆ ಬಂದ ಪ್ರತಿಗಳು ನೆಂಟರಿಷ್ಟರಿಗೆ ಹೋಗಿದ್ದವು. ಉಳಿದದ್ದು ಇದೊಂದೇ, ಅದನ್ನು ತಂದು ನನಗೆ ಕೊಟ್ಟಿದ್ದರು. ತನ್ನಂಥ ಇನ್ನೊಬ್ಬ ಕುಂಚದವಳಿಗೆ ಎಂದು. ನಾನು ಅದರಲ್ಲಿ ಹಲ್ವ ಇಟ್ಟು ವಾಪಸ್ ಕೊಟ್ಟಿದ್ದೆ.

ಈಗ ಸುಮ್ಮನಿದ್ದರೆ ಆ ತಟ್ಟೆ ನನ್ನದಾಗುತ್ತಿತ್ತು. ಆಕೆಯ ಕಣ್ಣು ಆಗಲೇ ಅದನ್ನಿಟ್ಟ ಕಪಾಟಿನ ಕಡೆ ಹೋಗಿತ್ತು. ಆದರೆ ಇಲ್ಲದ ಕಲೆಯನ್ನು ನನ್ನ ತಲೆಗೆ ಕಟ್ಟುವುದನ್ನು ನಾನು ಒಪ್ಪುವವಳಲ್ಲ. ಅದು ಕೊಂಡವಳ ಹೆಸರು, ಬರೆದವಳದ್ದಲ್ಲ, ನಂಬರ್ ನನ್ನ ಫ್ಲ್ಯಾಟಿನದ್ದು, ಬಣ್ಣ ನೇಲ್ ಪಾಲಿಶಿನದ್ದು ಎಂದು ಹೇಳಿದೆ.

ಆಕೆ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಉಗುರಿನಿಂದ ಮೆಲ್ಲನೆ ಕೆರೆದರು. ಕೆಂಪು ಸಿಪ್ಪೆ ಎದ್ದಿತು.

“ಹಾಗಾದರೆ ಈ ಬಳ್ಳಿ ಬರೆದದ್ದು ಯಾರು?”

“ನನಗೇನು ಗೊತ್ತು? ಯಾವುದೋ ಕಾರ್ಖಾನೆಯವರು.”

ಅಷ್ಟು ಹೊತ್ತು ತಣ್ಣಗಿದ್ದ ಹೆಂಗಸಿಗೆ ಆಗ ನಿಜವಾದ ಸಿಟ್ಟು ಬಂತು. ಕಾರ್ಖಾನೆ ಬರೆಯುವುದಿಲ್ಲ ಎಂದರು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನ ಕುತ್ತಿಗೆಯನ್ನು ಬಗ್ಗಿಸಿ ತೋರಿಸಿದರು: ಇಲ್ಲಿ ಕುಂಚದ ಬಣ್ಣ ಮುಗಿಯುತ್ತ ಬಂದಿದೆ, ಗೆರೆ ತೆಳುವಾಗಿದೆ, ಇಲ್ಲಿ ಮತ್ತೆ ಅದ್ದಿದ್ದಾಳೆ, ಈ ಎಲೆಯ ಹತ್ತಿರ ಯಾರೋ ಕರೆದಿರಬೇಕು, ಕೈ ಒಂದು ಕ್ಷಣ ನಿಂತಿದೆ. ಅಷ್ಟೂ ವರ್ಷ ನಾನು ತೊಳೆದ ತಟ್ಟೆ. ಅದರಲ್ಲಿ ಒಂದು ಕೈ ನಿಂತದ್ದು ಅಂದು ಕಾಣಿಸಿತು. ಇಷ್ಟು ಮಾಡಿದವಳ ಗುರುತು ಒಂದು ಚುಕ್ಕೆಯಷ್ಟೂ ಇಲ್ಲ, ಮುನ್ನೂರು ಸಲ ಅನ್ನ ಉಂಡವಳ ಹೆಸರು ಎಷ್ಟು ದೊಡ್ಡದಾಗಿದೆ ನೋಡಿ ಎಂದರು.

ನಾನೂ ಬಿಡಲಿಲ್ಲ. ನೂರು ಹುಡುಗಿಯರಿಗೆ ಒಂದೇ ತರದ ನೂರು ತಟ್ಟೆ ಕೊಟ್ಟ ಬೋರ್ಡಿಂಗಿನಲ್ಲಿ ನೀವು ಇದ್ದವರಲ್ಲ ಎಂದೆ. ಗುರುತು ಹಾಕದವಳು ಕೈಯಲ್ಲಿ ಗಂಜಿ ಹೊಯ್ಸಿಕೊಳ್ಳಬೇಕಾಗಿತ್ತು.

ಮಾತು ಮುಗಿಸುವ ಬದಲು ಆಕೆ ಕಪಾಟಿನಿಂದ ಕಾಗೆಯ ತಟ್ಟೆಯನ್ನು ತೆಗೆದು ಬೋರಲು ಹಾಕಿದರು. ಹಿಂದೆ ನೀಲಿಯಲ್ಲಿ ಎರಡು ಅಕ್ಷರ, ಅವರವು. ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಮೂರು ಚುಕ್ಕೆ ಒಂದು ಗೀಟು. ಅದು ಯಾರದ್ದೆಂದು ಕೇಳಿದೆ. ಬಣ್ಣ ಹಚ್ಚಿದವಳದ್ದು. ಚಿತ್ರ ಬರೆಯುವವರು ಒಬ್ಬರು, ಅದನ್ನು ಒಂದೊಂದು ತಟ್ಟೆಯ ಮೇಲೆ ಮೂಡಿಸುವವರು ಇನ್ನೊಬ್ಬರು. ಆ ಹೆಂಗಸು ಶಾಲೆ ಬಿಟ್ಟ ಕೂಡಲೇ ಕುಂಚ ಹಿಡಿದವಳು, ಕಣ್ಣು ಮಂಜಾಗುವವರೆಗೂ ಬಿಟ್ಟವಳಲ್ಲ. ಒಮ್ಮೆ ಸುಟ್ಟ ತಟ್ಟೆ ಸುಣ್ಣದ ಹಾಗೆ ನೀರು ಹೀರುತ್ತದೆ. ಇಟ್ಟ ಬಣ್ಣವನ್ನು ಅಳಿಸಲು ಬರುವುದಿಲ್ಲ. ಹಚ್ಚುವಾಗ ಅದು ನೀಲಿಯೂ ಅಲ್ಲ, ಬೂದಿಯಂಥ ಮಂಕು ಬಣ್ಣ. ಯಾವ ಜಾಗ ಎಷ್ಟು ನೀಲಿಯಾದೀತೆಂದು ಕೈ ತಾನೇ ತಿಳಿದಿರಬೇಕು. ಮೇಲೆ ಗಾಜಿನ ಲೇಪ ಕೊಟ್ಟು ಆವಿಗೆಯಲ್ಲಿ ಸುಟ್ಟ ಮೇಲೆಯೇ ಹಿಮ ಹಿಮವಾಗುವುದು, ಕಾಗೆ ಕಾಗೆಯಾಗುವುದು. ಅವಳಿಲ್ಲದಿದ್ದರೆ ನನ್ನ ಕಾಗೆ ಒಂದು ಮಸಿಯ ಕಲೆಯಷ್ಟೇ ಎಂದರು. ಕಾಗೆಯೇ ಯಾಕೆ, ಪಾರಿವಾಳ ಬರೆಯಬಾರದಿತ್ತೇ ಎಂದು ನಾನು ಆಗಲೂ ಕೇಳಿದೆ. ಕಾರ್ಖಾನೆಯವರೂ ಹಾಗೇ ಕೇಳಿದ್ದರಂತೆ.

“ಚಳಿಗಾಲದಲ್ಲಿ ನಮ್ಮ ದೋಣಿಕಟ್ಟೆಯಲ್ಲಿ ಪಾರಿವಾಳ ಕೂರುವುದಿಲ್ಲ, ಸಿಸ್ಟರ್. ಕಾಗೆ ಕೂರುತ್ತದೆ.”

ಇಂಥ ಉತ್ತರ ನನಗೆ ಹಿಡಿಸುತ್ತದೆ. ಕಪಾಟಿನ ಉಳಿದ ಬೊಂಬೆಗಳನ್ನು ಮಾಡಿದವರ ಬಗ್ಗೆಯೂ ಆ ದಿನ ಹೇಳಿದರು. ಕರಡಿಮರಿ ಮಾಡಿದವರು ಅದಕ್ಕಾಗಿ ಮೃಗಾಲಯದ ಬೋನಿನ ಎದುರು ಸ್ಟೂಲು ಹಾಕಿ ಕೂತಿದ್ದರಂತೆ. ಗುಬ್ಬಿ ಮಾಡಿದ ಹೆಂಗಸು ಅದರ ಕೊಕ್ಕನ್ನು ತಿದ್ದಿ ತಿದ್ದಿ ಮೇಲಿನವರಿಗೆ ಬೇಸರ ಬರಿಸಿದ್ದರಂತೆ. ಅಂಗಡಿಗೆ ಬಂದವರು ಮಾತ್ರ ಕಾರ್ಖಾನೆಯ ಹೆಸರು ನೋಡಿ ಬೆಲೆ ಕೇಳುತ್ತಾರೆ, ಪಕ್ಕದ ಚುಕ್ಕೆಗಳನ್ನು ಕೊಳೆ ಎಂದು ತಿಕ್ಕಿ ನೋಡುತ್ತಾರೆ.

ಕಾಗೆಯ ತಟ್ಟೆಯನ್ನು ಆ ದಿನ ಅವರು ಕೊಡಲಿಲ್ಲ, ನಾನು ಕೇಳಲಿಲ್ಲ. ಕುಂಚದವಳಿಗೆ ಕೊಟ್ಟದ್ದು, ನಾನು ಕುಂಚದವಳಲ್ಲ. ನನ್ನ ತಟ್ಟೆಯನ್ನೂ ತರಲಿಲ್ಲ. ಅದನ್ನು ಇನ್ನೂ ನೋಡುವುದಿದೆ ಎಂದು ಮತ್ತೆ ಕೊಕ್ಕೆಗೆ ಸಿಕ್ಕಿಸಿದರು. ಬರಿಗೈಯಲ್ಲಿ ಇಳಿದು ಬಂದದ್ದಕ್ಕೆ ಮಗಳು ನಗಾಡಿದಳು. ಮರುದಿನ ಲಿಫ್ಟಿನ ಬಾಗಿಲು ತೆರೆದಾಗ ಆಕೆ ಒಳಗಿದ್ದರು. ಆ ಎರಡು ತಿಂಗಳ ನಷ್ಟದ ಬಗ್ಗೆ ನಾನು ಇನ್ನೂ ಒಂದೆರಡು ಮಾತು ಹೇಳುವುದಿತ್ತು, ಸಮುದ್ರದ ಬದಿಗೆ ಮುಟ್ಟುವಷ್ಟರಲ್ಲಿ ಹೇಳಿ ಮುಗಿಸಿದೆ.

ಬೇಸಿಗೆ ಶುರುವಾಗುವಾಗ ಗಂಡನ ಕೆಲಸದ ಅವಧಿ ಮುಗಿಯಿತು. ಹೊರಡುವ ಹಿಂದಿನ ದಿನ ಬಾಗಿಲು ಬಡಿದ ಸದ್ದಾಯಿತು. ಆಕೆ ನಿಂತಿದ್ದರು. ಕೈಯಲ್ಲಿ ಕಾಗೆಯ ತಟ್ಟೆ, ಅದರ ಮೇಲೆ ಕಂದು ಬಿಸ್ಕತ್ತು. ಕ್ರಿಸ್ಮಸ್ಸಿನ ಬಿಸ್ಕತ್ತನ್ನು ಆ ಸೆಕೆಯಲ್ಲಿ ಬೇಯಿಸಿದ್ದರು.

ನಾನು ಪೇಂಟರ್ ಅಲ್ಲ ಎಂದು ಮತ್ತೆ ನೆನಪಿಸಿದೆ.

“ಗೊತ್ತು. ನೀವು ನನ್ನ ಜೊತೆ ನಡೆದವರು. ಇದು ಇನ್ನೊಮ್ಮೆ ಮೇಲಕ್ಕೆ ಬಂದರೆ ಬಾಲ್ಕನಿಯಿಂದ ಕೆಳಗೆ ಬಿಸಾಡುತ್ತೇನೆ.”

ನನ್ನ ತಟ್ಟೆಯನ್ನು ಕೊಂಡುಹೋಗಲು ಕೇಳಿದರು. ಕೊಂಡುಹೋಗಿ, ಆದರೆ ಹಿಂದಿನ ಅಕ್ಷರಗಳನ್ನು ಅಳಿಸಿಕೊಡುತ್ತೇನೆ, ನೋಡಿದವರು ಮತ್ತೆ ನನ್ನ ಮೇಲೆ ಚಿತ್ರಕಲೆ ಹೊರಿಸುವುದು ಬೇಡ ಎಂದೆ. ಬೇಡ ಎಂದರು, ಯಾರ ಮನೆಯಿಂದ ಬಂತೆಂದು ತನಗೆ ತಿಳಿದಿರಬೇಕು. ಹೀಗೆ ನನ್ನ ಆರರ ಸೆಟ್ ಶಾಶ್ವತವಾಗಿ ಐದಾಯಿತು. ಬಿಸ್ಕತ್ತು ತಿಂದು ಮುಗಿದ ಮೇಲೆ ಕಾಗೆಯ ತಟ್ಟೆಯನ್ನು ತೊಳೆದೆ. ಖಾಲಿ ತಟ್ಟೆಯನ್ನು ಹಿಡಿದು ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಸಕ್ಕರೆ ಡಬ್ಬದ ಕಡೆಗೆ ಕೈ ತಾನಾಗಿ ಹೋಗುತ್ತಿತ್ತು. ಹಾರಿಸನನ್ನು ಕರೆದು ಗೋಡೆಗೆ ಮೊಳೆ ಹೊಡೆಸಿದೆ. ಬಣ್ಣ ಹೊಡೆಯಲು ಯಾವಾಗ ಬರುತ್ತಿ ಎಂದು ಅವನು ಮತ್ತೆ ಕೇಳಿದ.

ಮೊನ್ನೆಯ ಡಿಸೆಂಬರಿನಲ್ಲಿ ನಡೆದದ್ದನ್ನು ಹೇಳಿದರೆ ನನ್ನ ಸಿಟ್ಟು ನ್ಯಾಯವೋ ಅಲ್ಲವೋ ತಿಳಿಯುತ್ತದೆ. ನಾನು ಚರ್ಚಿಗೆ ಹೋಗಿದ್ದೆ. ಕುಸ್ವಾರ್ ತಾನೇ ಹಂಚುತ್ತೇನೆಂದು ಮಗಳು ಉಳಿದಿದ್ದಳು. ಬಂದು ನೋಡಿದರೆ ಗೋಡೆಯಲ್ಲಿ ಮೊಳೆ ಮಾತ್ರ ಇದೆ. ಅವಳು ಚಪ್ಪಲಿ ಹಾಕಿಕೊಂಡು ಹೊರಡುವುದರಲ್ಲಿದ್ದಳು, ಕೈಯಲ್ಲಿ ನೆವ್ರಿ ತುಂಬಿದ ಕಾಗೆಯ ತಟ್ಟೆ. ಆರನೆಯ ಮಹಡಿಗೆ ಹೊಸದಾಗಿ ಬಂದ ಉಡುಪಿ ಕಡೆಯ ತುಳುವರ ಮನೆಗೆ.

“ದೊಡ್ಡ ಪ್ಲೇಟ್ ಬೇರೆ ಇರ್ಲಿಲ್ಲ ಮಮ್ಮಿ. ಹೆದರ್ಬೇಡ, ಹಿಂದೆ ಹೆಸರು ಹಾಕಿದ್ದೇನೆ. ನೀನೇ ಕಲಿಸಿದ್ದಲ್ವಾ?”

ಬಾಗಿಲಿಗೆ ಅಡ್ಡ ನಿಂತೆ. ಮನೆಯಲ್ಲಿ ನನ್ನ ದನಿ ವಾರ್ಡಿನ ದನಿಯಾದದ್ದು ಬಹಳ ವರ್ಷಗಳ ನಂತರ. ನೆವ್ರಿಗಳನ್ನು ಕಟ್ಟೆಯ ಮೇಲೆ ಸುರಿದು, ತಟ್ಟೆಯನ್ನು ಟವೆಲಿನ ಮೇಲೆ ಬೋರಲು ಹಾಕಿದೆ. ನನ್ನ ಎರಡು ಅಕ್ಷರ, ಫ್ಲ್ಯಾಟ್ ನಂಬರ್, ಹೊಸ ಕೆಂಪಿನಲ್ಲಿ, ಸರಿಯಾಗಿ ಆ ನೀಲಿ ಚುಕ್ಕೆಗಳ ನೆತ್ತಿಯ ಮೇಲೆ. ಬೇರೆ ಜಾಗವೇ ಇರಲಿಲ್ಲವೇ ಎಂದು ಕೇಳಿದೆ. ಅಲ್ಲಿ ಎಂತದೋ ಕೊಳೆ ಇತ್ತು, ಅದರ ಮೇಲೆಯೇ ಬರೆದೆ ಎಂದಳು.

ಹತ್ತಿ ತೆಗೆದು ಪಾಲಿಶ್ ತೆಗೆಯುವ ದ್ರಾವಣದಲ್ಲಿ ಅದ್ದಿದೆ. ಗಾಯ ಒರೆಸುವ ಹಾಗೆ, ನಡುವಿನಿಂದ ಹೊರಕ್ಕೆ ಒರೆಸಿದೆ. ಕೆಂಪು ಹತ್ತಿಗೆ ಬಂತು. ಎರಡನೆಯ ಹತ್ತಿಗೆ ಇನ್ನಷ್ಟು ಬಂತು. ಕೆಳಗೆ ನೀಲಿ ಅಕ್ಷರಗಳು, ಮೂರು ಚುಕ್ಕೆ, ಒಂದು ಗೀಟು, ಗಾಜಿನ ಅಡಿಯಲ್ಲಿ ಇದ್ದ ಹಾಗೆಯೇ ಇದ್ದವು. ಮಗಳನ್ನು ಕರೆದು ಕುತ್ತಿಗೆ ಬಗ್ಗಿಸಿ ತೋರಿಸಿದೆ. ಇದು ಬರೆದವಳು, ಇದು ಬಣ್ಣ ಹಚ್ಚಿದವಳು. ಇನ್ನು ಮುಂದೆ ಕೊಳೆ ಎಂದರೆ ನೋಡು ಎಂದೆ. ಅವಳು ಸ್ವಲ್ಪ ಹೊತ್ತು ನೋಡಿದಳು. ನಮ್ಮ ಪ್ಲೇಟಿನಲ್ಲಿ ಬರೆದವಳ ಹೆಸರು ಎಲ್ಲಿ ಎಂದು ಕೇಳಿದಳು. ಮೊದಲು ನೆವ್ರಿಗೆ ಬೇರೆ ತಟ್ಟೆ ತೆಗೆ ಎಂದೆ, ಅದೇ ಸಿಟ್ಟಿನಲ್ಲಿ.

ಕಾಗೆ ಗೋಡೆಗೆ ಹೋಯಿತು. ನೆವ್ರಿಗಳನ್ನು ನನ್ನ ಐದರಲ್ಲಿ ಒಂದಕ್ಕೆ ಜೋಡಿಸಿ ಆರನೆಯ ಮಹಡಿಗೆ ಕಳಿಸಿದೆ. ಅವರು ನಮ್ಮ ಊರಿನವರೇ, ನಿಯಮ ತಿಳಿದವರು.

ಹೊಸವರ್ಷ ಕಳೆದು ಇಷ್ಟು ದಿನವಾಯಿತು. ತಟ್ಟೆ ಇನ್ನೂ ಬಂದಿಲ್ಲ.